ಅಕ್ಕಡಿ ಸಾಲಿನಲ್ಲಿ ಹದಿನಾರು ಪದ

ಕೊಡಿಗೇನಹಳ್ಳಿ ಹೋಬಳಿಯ ಒಂದು ಊರಿನಲ್ಲಿ ನಾನು ಆರು ಜನಕ್ಕೆ ಕೆಂಪು ಚೀಟಿ ಕೊಟ್ಟೆ. ಆರರಲ್ಲಿ ಐದು ತಪ್ಪು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಸಂಸ್ಥೆಯ ವರದಿಯಲ್ಲಿ ಇದಕ್ಕೆ ಜಾಗ ಸಿಕ್ಕಿಲ್ಲ.

ನನ್ನ ಕೆಲಸ ನೆನಪಿನ ಪರೀಕ್ಷೆ ಮಾಡುವುದು. ಮಧುಗಿರಿಯ ಬಸ್ ನಿಲ್ದಾಣದ ಹಿಂದೆ ನಮ್ಮದೊಂದು ಬಾಡಿಗೆ ಕೋಣೆ ಇತ್ತು. ಅಲ್ಲಿಂದ ಬೆಳಗಿನ ಬಸ್ಸು ಹತ್ತಿ ಹಳ್ಳಿಗಳಿಗೆ ಹೋಗಿ, ಅರವತ್ತು ದಾಟಿದವರ ಎದುರು ಕೂತು ಹದಿನಾರು ಪದ ಓದುವುದು, ಅವರು ನೆನಪಿಟ್ಟುಕೊಂಡು ಹೇಳಿದ್ದನ್ನು ಹೇಳಿದ ಕ್ರಮದಲ್ಲೇ ಬರೆದುಕೊಳ್ಳುವುದು, ಫೋನಿನಲ್ಲಿ ಧ್ವನಿಯನ್ನೂ ಮುದ್ರಿಸಿಕೊಳ್ಳುವುದು. ಕೇಳಲು ಸುಲಭ. ಆದರೆ ಬಾಯಿ ತಪ್ಪಿ 'ಹೂಂ' ಎನ್ನುವಂತಿಲ್ಲ, ತಲೆ ಆಡಿಸುವಂತಿಲ್ಲ, ಪಕ್ಕದ ಮನೆಯವರು ಬಾಗಿಲಲ್ಲಿ ನಿಂತು ಉತ್ತರ ಹೇಳಿಕೊಟ್ಟರೆ ಮತ್ತೆ ಬೇರೆ ದಿನ ಬರಬೇಕು.

ಹದಿನಾರು ಪದಗಳು ನಾಲ್ಕು ಗುಂಪಿನವು. ಧಾನ್ಯ: ರಾಗಿ, ಜೋಳ, ನವಣೆ, ಭತ್ತ. ಬೇಳೆಕಾಳು: ತೊಗರಿ, ಅವರೆ, ಹುರುಳಿ, ಅಲಸಂದೆ. ಎಣ್ಣೆಕಾಳು: ಕಡಲೆಕಾಯಿ, ಎಳ್ಳು, ಹುಚ್ಚೆಳ್ಳು, ಹರಳು. ಸಲಕರಣೆ: ನೇಗಿಲು, ಕೂರಿಗೆ, ಗುದ್ದಲಿ, ಕುಡುಗೋಲು. ಹಳ್ಳಿಯವರಿಗೆ ಹಳ್ಳಿಯ ಪದ ಇರಲಿ ಎಂದು ಬೆಂಗಳೂರಿನ ಕಚೇರಿಯಲ್ಲಿ ಕೂತು ಮಾಡಿದ ಪಟ್ಟಿ. ಒಂದೇ ಗುಂಪಿನ ಎರಡು ಪದ ಅಕ್ಕಪಕ್ಕ ಬರದಂತೆ ಕಲಸಿ, ಎರಡು ಸೆಕೆಂಡಿಗೊಂದರಂತೆ ಓದಬೇಕು. ಆಮೇಲೆ ಇಪ್ಪತ್ತರಿಂದ ಹಿಂದಕ್ಕೆ ಎಣಿಸಲು ಹೇಳಬೇಕು, ನಾಲಿಗೆ ತುದಿಯಲ್ಲಿ ಉಳಿದದ್ದು ಆರಿಹೋಗಲಿ ಎಂದು. ಅದಾದ ಮೇಲೆ, 'ನಿಮಗೆ ಹೇಗೆ ಬರುತ್ತೋ ಹಾಗೆ ಹೇಳಿ' ಎನ್ನಬೇಕು.

ಎಷ್ಟು ಪದ ಹೇಳಿದರು ಎಂಬುದು ಮೊದಲನೆಯ ಅಂಕ. ಒಂದು ಪದದ ಹಿಂದೆಯೇ ಅದೇ ಗುಂಪಿನ ಇನ್ನೊಂದು ಪದ ಎಷ್ಟು ಸಲ ಬಂತು ಎಂಬುದು ಎರಡನೆಯದು. ಹದಿನಾರನ್ನೂ ಗುಂಪುಗುಂಪಾಗಿ ಹೇಳಿದರೆ ಹನ್ನೆರಡು ಸಲ ಬರುತ್ತದೆ. ಕಣ್ಣುಮುಚ್ಚಿ ಚೀಟಿ ಎತ್ತಿದ ಹಾಗೆ ಹೇಳಿದರೆ ಸರಾಸರಿ ಮೂರು ಸಲ. ಆ ಮೂರನ್ನು ಸೊನ್ನೆ ಎಂದೂ ಹನ್ನೆರಡನ್ನು ಒಂದು ಎಂದೂ ಇಟ್ಟುಕೊಂಡು ಗುಂಪಿನ ಅಂಕ ಹಾಕುತ್ತೇವೆ. ನೆನಪು ಹೋಗುವುದಕ್ಕೆ ಮೊದಲು ಗುಂಪು ಚದುರುತ್ತದೆ ಎಂಬುದು ನಮ್ಮ ಮುಖ್ಯಸ್ಥರ ನಂಬಿಕೆ. ಆದ್ದರಿಂದ ಗುಂಪಿನ ಅಂಕ ಸೊನ್ನೆಗೆ ಇಳಿದರೆ, ಪದ ಎಷ್ಟೇ ಹೇಳಿರಲಿ, ಕೆಂಪು ಚೀಟಿ. ಅದರಲ್ಲಿ ಅಚ್ಚಾಗಿರುವುದು: 'ಮರೆವಿನ ಕಾಯಿಲೆಯ ಶಂಕೆ ಇದೆ, ದೊಡ್ಡಾಸ್ಪತ್ರೆಗೆ ತೋರಿಸಿ.'

ತರಬೇತಿಯಲ್ಲಿ ಈ ಪರೀಕ್ಷೆಯನ್ನು ನಮಗೂ ಮಾಡಿದ್ದರು. ನನಗೆ ಹನ್ನೆರಡಕ್ಕೆ ಹನ್ನೆರಡು. ಶಿರಾದಲ್ಲಿ ನಮ್ಮ ಅಬ್ಬಾದು ದಿನಸಿ ಅಂಗಡಿ. ಒಂದು ಹಲಗೆಯ ಮೇಲೆ ಬೇಳೆ, ಅದರ ಕೆಳಗೆ ಎಣ್ಣೆಕಾಳು, ನೆಲದ ಮೇಲೆ ರಾಗಿ ಜೋಳದ ಮೂಟೆ. ಹುಟ್ಟಿದಾಗಿನಿಂದ ನೋಡಿದ್ದು ಅದೇ. ಲೋಕವೇ ಹಾಗೆ ಜೋಡಿಸಿದೆ ಎಂದುಕೊಂಡಿದ್ದೆ.

ಆ ಊರಿನಲ್ಲಿ ಒಬ್ಬ ಅಜ್ಜಿ ಇದ್ದರು. ಕೇರಿಯವರೆಲ್ಲ ಬೀಜದಜ್ಜಿ ಎನ್ನುತ್ತಿದ್ದರು. ಬಿತ್ತನೆಗೆ ಮುಂಚೆ ಏಳೆಂಟು ಮನೆಯವರು ತಮ್ಮ ಬೀಜ ತಂದು ಅವರ ಮುಂದೆ ಇಡುತ್ತಾರೆ, ಯಾವ ಹೊಲಕ್ಕೆ ಯಾವ ಬೀಜದ ಜೊತೆ ಯಾವುದು, ಎಷ್ಟು ಎಂದು ಅವರು ಅಳೆದು ಕೊಡುತ್ತಾರೆ. ಇದೆಲ್ಲ ನನಗೆ ಆಮೇಲೆ ತಿಳಿಯಿತು. ಪರೀಕ್ಷೆಯ ದಿನ ನನಗೆ ಅವರು ಇಪ್ಪತ್ತೇಳನೇ ನಮೂನೆ, ಅಷ್ಟೇ.

ಅವರು ಕಣ್ಣು ಮುಚ್ಚಿ, ಎಡಗೈ ಬೆರಳು ಮಡಚುತ್ತಾ ಹೇಳಿದ್ದು ಹೀಗೆ: ಕೂರಿಗೆ, ರಾಗಿ, ಅವರೆ, ಹುಚ್ಚೆಳ್ಳು, ಜೋಳ. ಸ್ವಲ್ಪ ನಿಂತರು. ನೇಗಿಲು, ಕಡಲೆಕಾಯಿ, ತೊಗರಿ, ಹರಳು, ಅಲಸಂದೆ. ಮತ್ತೆ ನಿಂತರು. ಎಳ್ಳು, ನವಣೆ, ಹುರುಳಿ, ಕುಡುಗೋಲು. ಕೊನೆಗೆ ಗುದ್ದಲಿ, ಭತ್ತ.

ಹದಿನಾರಕ್ಕೆ ಹದಿನಾರು. ಆ ವಯಸ್ಸಿನವರಲ್ಲಿ ನನಗೆ ಸಿಕ್ಕ ಮೊದಲ ಪೂರ್ತಿ ಪಟ್ಟಿ. ನಾನು ಅಲ್ಲೇ ಜಗಲಿಯ ಮೇಲೆ ಕೂತು ಒಂದೊಂದು ಪದದ ಕೆಳಗೂ ಗುಂಪಿನ ಅಕ್ಷರ ಬರೆದು, ಒಂದೇ ಅಕ್ಷರ ಅಕ್ಕಪಕ್ಕ ಬಂದ ಕಡೆ ಗೆರೆ ಎಳೆದೆ. ಬಿದ್ದದ್ದು ಒಂದೇ ಗೆರೆ: ಕುಡುಗೋಲು, ಗುದ್ದಲಿ. ಅಂಕ ಸೊನ್ನೆಗಿಂತಲೂ ಕೆಳಗೆ ಹೋಯಿತು. ಎರಡು ಸಲ ಲೆಕ್ಕ ಮಾಡಿದೆ, ಅಷ್ಟೇ ಬಂತು. ಕೆಂಪು ಚೀಟಿ ಬರೆದು ಅವರ ಸೊಸೆಯ ಕೈಗೆ ಕೊಟ್ಟೆ. ಒಂದು ಲೋಟ ಮಜ್ಜಿಗೆಯನ್ನೂ ಕುಡಿದು ಬಂದೆ. ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ.

ಮೂರು ವಾರ ಬಿಟ್ಟು ಮರುಭೇಟಿಗೆ ಹೋದಾಗ ಬೀಜದಜ್ಜಿ ಜಗಲಿಯ ಮೇಲೆ ಸುಮ್ಮನೆ ಕೂತಿದ್ದರು. ಎದುರು ಮೊರವಿರಲಿಲ್ಲ, ಕೈಯಲ್ಲಿ ಕೆಲಸವಿರಲಿಲ್ಲ. ನನ್ನನ್ನು ನೋಡಿ ಮುಖ ತಿರುಗಿಸಿದರು.

ಸೊಸೆ ಒಳಗೆ ಕರೆದು ಹೇಳಿದಳು. "ಬೀಜದ ಕೋಣೆ ಬೀಗದ ಕೈ ಈಸ್ಕಂಡ್ವಿ ಕಣಕ್ಕ. ಕಾಗ್ದದಲ್ಲೇ ಬರ್ದವ್ರಲ್ಲ, ಮರೆವು ಅಂತ. ಅಳತೆ ಎಚ್ಚುಕಮ್ಮಿ ಮಾಡ್ಬುಟ್ರೆ ವರ್ಸದ ಗತಿ ಏನು? ಕೇರಿಯೋರೂ ಈ ಸಲ ಬೀಜ ತರ್ಲಿಲ್ಲ."

ಅವಳ ಮಾತಿನಲ್ಲಿ ಕೆಟ್ಟತನ ಇರಲಿಲ್ಲ. ಅಚ್ಚಾದ ಕಾಗದವನ್ನು ನಂಬಿದ್ದಳು, ಅಷ್ಟೇ. ನಂಬುವಂತೆ ಬರೆದುಕೊಟ್ಟವಳು ನಾನು.

ಹೊರಗೆ ಬಂದು ಅಜ್ಜಿಯ ಪಕ್ಕ ಕೂತೆ. "ಅಜ್ಜೀ, ಅವತ್ತು ರಾಗಿ ಆದ ಮೇಲೆ ಅವರೆ ಅಂದ್ರಲ್ಲ, ಯಾಕೆ?" ಎಂದು ಕೇಳಿದೆ. ಅವತ್ತೇ ಕೇಳಬೇಕಾಗಿದ್ದ ಪ್ರಶ್ನೆ.

"ಇನ್ನೇನ್ ಅನ್ಬೇಕಿತ್ತು?"

"ರಾಗಿ ಆದ್ಮೇಲೆ ಜೋಳ ಅಂತಲೋ, ನವಣೆ ಅಂತಲೋ..."

ಅಜ್ಜಿ ಪೂರಾ ನನ್ನ ಕಡೆ ತಿರುಗಿದರು. "ನೀನು ಹೊಲ ನೋಡಿದ್ದೀಯೇನಮ್ಮ? ರಾಗಿ ಹೊಲದಾಗೆ ಕೂರಿಗೆ ಮುಂದೆ ಹೋಯ್ತದೆ, ಇಂದ್ಗಡೆ ಸಡ್ಡೆ ಕಟ್ಕಂಡು ಅಕ್ಕಡಿ ಸಾಲು ಬುಡ್ತೀವಿ. ಅದ್ರಾಗೆ ಅವರೆ, ಹುಚ್ಚೆಳ್ಳು, ಜೋಳ. ಕಡ್ಲೆಕಾಯಿ ಹೊಲದಾಗೆ ತೊಗರಿ, ಅಲಸಂದೆ, ಅಂಚಿಗೆ ಹರಳು. ಎಳ್ಳು, ನವಣೆ, ಹುರುಳಿ ಒಂಟಿ ಬೆಳೆ. ಕೆರೆ ಕೆಳಗೆ ಭತ್ತ, ಬದು ಕಟ್ಟಾಕೆ ಗುದ್ದಲಿ. ನಾನು ಮೂಲೆಯಿಂದ ಮೂಲೆಗೆ ನಡ್ಕಂಡು ಹೋಗಿ ಯೋಳಿದ್ದೀನಿ. ನೀನು ಮರೆವು ಅಂತ ಬರ್ಕಂಡು ಹೋದೆ. ನನ್ನ ತಲೆ ಸರಿಯಾಗೈತೆ ಕಣಮ್ಮ, ನಿನ್ನ ಪಟ್ಟೀನೇ ಸರಿ ಇಲ್ಲ."

ಸಡ್ಡೆ ಎಂದರೆ ಬಿದಿರಿನ ಕೊಳವೆ. ಬೀಜ ಬಿತ್ತುವ ಕೂರಿಗೆಯ ಹಿಂದೆ ಹಗ್ಗದಿಂದ ಅದನ್ನು ಕಟ್ಟಿ, ಹೆಂಗಸರು ಅದರೊಳಗೆ ಒಂದೊಂದೇ ಕಾಳು ಬಿಡುತ್ತಾ ನಡೆಯುತ್ತಾರೆ. ಅದು ಅಕ್ಕಡಿ ಸಾಲು. ಐವತ್ತು ವರ್ಷ ಆ ಸಾಲಿನಲ್ಲಿ ನಡೆದವರಿಗೆ ರಾಗಿಯ ಪಕ್ಕದಲ್ಲಿರುವುದು ಅವರೆಯೇ. ಭತ್ತ ಇರುವುದು ಊರಾಚೆ, ಕೆರೆಯ ಕೆಳಗೆ.

ಬಸ್ಸಿನಲ್ಲಿ ಆರೂ ನಮೂನೆಗಳನ್ನು ತೊಡೆಯ ಮೇಲೆ ಹರಡಿಕೊಂಡೆ. ಗೊತ್ತುಗುರಿಯಿಲ್ಲದೆ ಹೇಳಿದರೂ ಸರಾಸರಿ ಮೂರು ಬರಬೇಕು. ಒಬ್ಬರಿಗೆ ಒಂದು ಬಂದರೆ ಆಕಸ್ಮಿಕ ಎನ್ನೋಣ. ಸಾಲಾಗಿ ಆರು ಜನರಿಗೆ ಒಂದು, ಎರಡು ಎಂದೇ ಬಂದಿದೆ. ಅಂಕ ಸೊನ್ನೆಯ ಕೆಳಕ್ಕೆ ಇಷ್ಟು ಹಟ ಹಿಡಿದು ಇಳಿಯಬೇಕಾದರೆ ಅವರು ಬೇರೆ ಯಾವುದೋ ಕ್ರಮವನ್ನು ಗಟ್ಟಿಯಾಗಿ ಹಿಡಿದಿರಬೇಕು. ಇದು ನನಗೆ ಮೊದಲೇ ಹೊಳೆಯಬೇಕಿತ್ತು. ಲೆಕ್ಕ ಬಲ್ಲೆ ಎಂಬ ಜಂಬ ಅವತ್ತು ಇಳಿಯಿತು.

ಮುಖ್ಯಸ್ಥರಿಗೆ ಫೋನ್ ಮಾಡಿದೆ. ಅವರು ತಾಳ್ಮೆಯಿಂದ ಕೇಳಿ, ತಾಳ್ಮೆಯಿಂದಲೇ ತಳ್ಳಿಹಾಕಿದರು. "ನೋಡಿ, ಉತ್ತರ ಬಂದಮೇಲೆ ಅದಕ್ಕೊಂದು ಗುಂಪು ಹುಡುಕಿದರೆ ಯಾವ ಉತ್ತರಕ್ಕೂ ಗುಂಪು ಸಿಗುತ್ತೆ. ಕಾರಣ ಹೇಳೋದು ಸುಲಭ. ನಾವು ಅಳೀಬೇಕು."

ಸಿಟ್ಟು ಬಂತು, ಆದರೆ ಮಾತು ಸರಿಯಾಗಿತ್ತು. ಅಜ್ಜಿಯ ಪಟ್ಟಿಯನ್ನು ಅಜ್ಜಿಯ ವಿವರಣೆಯಿಂದಲೇ ಅಳೆದರೆ ನಾಳೆ ಯಾರೂ ಒಪ್ಪುವುದಿಲ್ಲ. "ಹಾಗಾದರೆ ಅಳೆದೇ ತರ್ತೀನಿ ಸರ್. ಅಲ್ಲೀತನಕ ಈ ಆರು ನಮೂನೆಗೆ ನಾನು ಸಹಿ ಹಾಕಲ್ಲ," ಎಂದೆ. ಅವರು, ನಿಮ್ಮ ರಜೆಯಲ್ಲಿ ಏನು ಬೇಕಾದರೂ ಮಾಡಿಕೊಳ್ಳಿ ಎಂದರು. ಹಾಗೇ ಮಾಡಿದೆ, ರಜೆ ಬರೆದೆ.

ಉಪಾಯ ಇಷ್ಟೇ. ಈ ಪರೀಕ್ಷೆಯನ್ನು ಕೇಳಿಯೇ ಇರದ ಬೇರೆ ಊರಿನ ಹೆಂಗಸರ ಮುಂದೆ ಹದಿನಾರು ವಸ್ತು ಇಟ್ಟು, 'ಜೊತೆಗೆ ಸೇರುವಂಥವನ್ನು ಜೊತೆಗಿಡಿ' ಎನ್ನುವುದು. ಅವರು ಮಾಡಿದ ಗುಡ್ಡೆಗಳನ್ನು ಗುಂಪೆಂದು ಇಟ್ಟುಕೊಂಡು ಹಳೆಯ ಧ್ವನಿಮುದ್ರಣಗಳಿಗೆ ಮತ್ತೆ ಅಂಕ ಹಾಕುವುದು. ಆಗ ಗುಂಪು ನನ್ನದೂ ಆಗುವುದಿಲ್ಲ, ಅಜ್ಜಿಯದೂ ಆಗುವುದಿಲ್ಲ.

ಮೊದಲ ಸಲ ಕೊರಟಗೆರೆ ಕಡೆಯ ಒಂದು ಹಳ್ಳಿಗೆ ಚಿತ್ರದ ಕಾರ್ಡು ಮಾಡಿಸಿಕೊಂಡು ಹೋದೆ. ಪೂರ್ತಿ ಕೆಟ್ಟಿತು. ಚಿತ್ರದಲ್ಲಿ ಎಳ್ಳೂ ಹುಚ್ಚೆಳ್ಳೂ ಒಂದೇ ಥರ. ನವಣೆಯನ್ನು ಒಬ್ಬರು ಸಾಸಿವೆ ಎಂದರು. ಇನ್ನೊಬ್ಬರು ಕಾರ್ಡುಗಳನ್ನು ಅಂಚಿನ ಬಣ್ಣ ನೋಡಿ ಜೋಡಿಸಿಟ್ಟು, "ಚೆಂದ ಕಾಣ್ತವೆ ಅಲ್ವಾ?" ಎಂದರು. ಎರಡು ದಿನದ ರಜೆ ಹಾಳು. ನಿಜವಾದ ಕಾಳು ಬೇಕು ಎಂದು ಶಿರಾಕ್ಕೆ ಹೋದೆ.

ಅಬ್ಬಾ ಹನ್ನೆರಡು ಸ್ಟೀಲ್ ಬಟ್ಟಲು ತುಂಬಿಸಿಕೊಟ್ಟರು. ನಾನು ಯಾಕೆಂದು ಹೇಳುವ ಮೊದಲೇ ಅವುಗಳನ್ನು ಮೂರು ಸಾಲಾಗಿ ಜೋಡಿಸಿದ್ದರು: ಧಾನ್ಯ, ಬೇಳೆ, ಎಣ್ಣೆಕಾಳು. ನಾನು ನಕ್ಕೆ. "ಏನ್ ಬೇಟಿ, ತಪ್ಪಾಯ್ತಾ?" ಎಂದರು. "ಇಲ್ಲ ಅಬ್ಬಾ, ಅಂಗಡಿಗೆ ಇದೇ ಸರಿ," ಎಂದೆ. ಕೂರಿಗೆ, ನೇಗಿಲನ್ನು ಬಸ್ಸಿನಲ್ಲಿ ಹೊರುವಂತಿರಲಿಲ್ಲ. ಓಣಿಯ ಬಡಗಿ ಚಾಚಾ ಗೇಣುದ್ದದ ಕೂರಿಗೆ, ನೇಗಿಲು ಮಾಡಿಕೊಟ್ಟರು. ಕೂರಿಗೆಗೆ ನೆಲ ಸೀಳುವ ತಾಳು ಎಷ್ಟು, ಬೀಜ ಸುರಿಯುವ ಬಟ್ಟಲು ಎಲ್ಲಿ ಬರಬೇಕು ಎಂದು ನನ್ನನ್ನೇ ಕೇಳಿ, ನನಗೆ ಗೊತ್ತಿಲ್ಲ ಎಂದದ್ದಕ್ಕೆ ಗೊಣಗಿಕೊಂಡು, ಯಾರನ್ನೋ ವಿಚಾರಿಸಿ ಸರಿಯಾಗಿಯೇ ಮಾಡಿದ್ದರು. ಕುಡುಗೋಲನ್ನು ಗೋಣಿಯಲ್ಲಿ ಸುತ್ತಿಕೊಂಡು ಹೋಗಿದ್ದಕ್ಕೆ ಕಂಡಕ್ಟರು ನನ್ನನ್ನು ಇಳಿಸುವುದೊಂದು ಬಾಕಿ.

ಐ.ಡಿ.ಹಳ್ಳಿ ಕಡೆಯ ಒಂದು ಊರಿನಲ್ಲಿ ಎಂಟು ಜನ ಹೆಂಗಸರು ಒಪ್ಪಿದರು. ಒಬ್ಬರು ಮಾಡಿದ್ದು ಇನ್ನೊಬ್ಬರಿಗೆ ಕಾಣಬಾರದು. ಹಾಗಾಗಿ ಒಬ್ಬೊಬ್ಬರನ್ನೇ ಶಾಲೆಯ ಹಿಂದಿನ ಕೋಣೆಗೆ ಕರೆದು, ಚಾಪೆಯ ಮೇಲೆ ಬಟ್ಟಲುಗಳನ್ನು ಪ್ರತಿ ಸಲವೂ ಬೇರೆ ಬೇರೆ ಕಲಸಿ ಇಟ್ಟೆ. ಮೊದಲನೆಯವರು ಒಂದು ನಿಮಿಷ ನೋಡಿ, ಪುಟ್ಟ ಕೂರಿಗೆಯನ್ನು ಎತ್ತಿ ರಾಗಿ ಬಟ್ಟಲಿನ ಮುಂದೆ ಇಟ್ಟರು. ಆಮೇಲೆ ಅವರೆ ಬಟ್ಟಲನ್ನು ಸರಸರನೆ ಅದರ ಪಕ್ಕಕ್ಕೆ ಎಳೆದುಕೊಂಡರು. ತಲೆ ಆಡಿಸುವಂತಿಲ್ಲವಲ್ಲ, ತುಟಿ ಕಚ್ಚಿಕೊಂಡು ಬರೆದುಕೊಂಡೆ.

ಎಂಟರಲ್ಲಿ ಆರು ಜನರ ಗುಡ್ಡೆಗಳು ಹೆಚ್ಚುಕಡಿಮೆ ಒಂದೇ. ರಾಗಿ ಹೊಲ, ಕಡಲೆಕಾಯಿ ಹೊಲ, ಒಂಟಿ ಬೆಳೆ, ಕೆರೆ ಕೆಳಗೆ. ಬೀಜದಜ್ಜಿಯ ಕ್ರಮಕ್ಕೂ ಇದಕ್ಕೂ ಒಂದೇ ವ್ಯತ್ಯಾಸ. ಕುಡುಗೋಲನ್ನು ಇವರು ರಾಗಿ ಹೊಲಕ್ಕೆ ಹಾಕಿದ್ದರು. ಏಳನೆಯವರು ಕಾಳಿನ ಗಾತ್ರ ನೋಡಿ ಜೋಡಿಸಿದರು. ಎಂಟನೆಯವರು ಥೇಟ್ ನಮ್ಮ ಅಬ್ಬಾನ ಹಾಗೆ: ಧಾನ್ಯ, ಬೇಳೆ, ಎಣ್ಣೆಕಾಳು, ಸಲಕರಣೆ. ವಿಚಾರಿಸಿದರೆ ಅವರದು ಊರಿನ ಚಿಲ್ಲರೆ ಅಂಗಡಿ. ಬೆಂಗಳೂರಿನ ಪಟ್ಟಿ ಯಾರ ತಲೆಗೆ ಹೊಂದುತ್ತದೆ ಎಂದು ಆಗ ಪೂರ್ತಿ ಅರ್ಥವಾಯಿತು.

ಮಧುಗಿರಿಯ ಕೋಣೆಗೆ ಬಂದು ಹಳೆಯ ಧ್ವನಿಮುದ್ರಣ ಹಾಕಿದೆ. ಆ ಆರು ಜನ ಹೆಂಗಸರ ಗುಡ್ಡೆಗಳ ಪ್ರಕಾರ ಬೀಜದಜ್ಜಿಯ ಪದಗಳ ಕೆಳಗೆ ಹೊಸ ಅಕ್ಷರ ಬರೆದೆ. ಈ ಗುಂಪುಗಳಲ್ಲಿ ಗೊತ್ತುಗುರಿಯಿಲ್ಲದೆ ಹೇಳಿದರೆ ಮೂರೂವರೆ ಚಿಲ್ಲರೆ, ಪೂರ್ತಿ ಬಂದರೆ ಹನ್ನೆರಡು. ಅಜ್ಜಿಗೆ ಬಂದದ್ದು ಹನ್ನೊಂದು. ತಪ್ಪಿಹೋದ ಒಂದು, ಅದೇ ಕುಡುಗೋಲು. ಉಳಿದ ಐವರಲ್ಲಿ ನಾಲ್ವರ ಅಂಕವೂ ಹೀಗೇ ಮೇಲೆದ್ದಿತು. ಒಬ್ಬರದು ಮಾತ್ರ ಎರಡು ರೀತಿಯಲ್ಲೂ ಕೆಳಗೇ ಉಳಿಯಿತು. ಅವರು ಪದ ಹೇಳಿದ್ದೂ ಐದೇ. ಅವರನ್ನು ಆಸ್ಪತ್ರೆಗೆ ತೋರಿಸಲೇಬೇಕಿತ್ತು. ಹಾಗೆಂದೇ ಬರೆದೆ. ಸರಿಯಾದದ್ದನ್ನು ಸರಿ ಎನ್ನದಿದ್ದರೆ ತಪ್ಪಾದದ್ದನ್ನು ತಪ್ಪು ಎನ್ನಲು ಬಾಯಿ ಇರುವುದಿಲ್ಲ.

ಎಲ್ಲವನ್ನೂ ಕಳಿಸಿದೆ. ಮುಖ್ಯಸ್ಥರು ಕಡೆಗೂ ಕುತೂಹಲ ತೋರಿಸಿದರು. "ಮುಂದಿನ ಹಂತದಲ್ಲಿ ಪಾವಗಡದಿಂದ ಶುರು ಮಾಡಿ, ಗುಡ್ಡೆ ಹಾಕಿಸುವುದನ್ನೂ ಸೇರಿಸೋಣ. ಒಳ್ಳೆಯ ಕೆಲಸ," ಎಂದರು.

"ಕೊಟ್ಟಿರೋ ಚೀಟಿ ಸರ್?"

"ಅದು ಶಂಕೆ ಅಷ್ಟೇ ಅಲ್ವಾ, ತೀರ್ಮಾನ ಅಲ್ಲವಲ್ಲ. ವಾಪಸ್ ತಗೊಳ್ಳೋ ಪದ್ಧತಿ ನಮ್ಮಲ್ಲಿಲ್ಲ. ಕ್ಷೇತ್ರ ಸಿಬ್ಬಂದಿಗೆ ಆ ಅಧಿಕಾರವೂ ಇಲ್ಲ. ವರದಿ ಬರೋವರೆಗೂ ಸುಮ್ಮನಿರಿ."

ವರದಿ ಬರುವುದು ಮುಂದಿನ ವರ್ಷ. ಬಿತ್ತನೆ ಮುಂದಿನ ವಾರ. ಶಂಕೆ ಎಂಬ ಪದವನ್ನು ಅವರು ಕಚೇರಿಯಲ್ಲಿ ಕೂತು ಓದುತ್ತಿದ್ದಾರೆ, ಆ ಮನೆಯಲ್ಲಿ ಅದು ಬೀಗದ ಕೈ ಕಿತ್ತುಕೊಂಡಿದೆ. ಕೊಡುವ ಅಧಿಕಾರ ಇದ್ದವಳಿಗೆ ವಾಪಸ್ ತೆಗೆದುಕೊಳ್ಳುವ ಅಧಿಕಾರ ಇಲ್ಲ ಎಂದರೆ ಏನರ್ಥ? ಕೆಲಸ ಹೋದರೆ ಹೋಗಲಿ, ಅಬ್ಬಾನ ಅಂಗಡಿಯಲ್ಲಿ ಬಟ್ಟಲು ಜೋಡಿಸುತ್ತೇನೆ. ಐದು ಬಿಳಿ ಹಾಳೆಗಳ ಮೇಲೆ ಕೈಯಲ್ಲೇ ಬರೆದೆ: 'ಇವರ ನೆನಪಿನಲ್ಲಿ ದೋಷ ಕಂಡುಬಂದಿಲ್ಲ. ದೋಷ ನಾನು ಮಾಡಿದ ಪರೀಕ್ಷೆಯಲ್ಲಿತ್ತು. ಕೆಂಪು ಚೀಟಿಯನ್ನು ವಾಪಸ್ ಪಡೆದಿದ್ದೇನೆ.' ಕೆಳಗೆ ಹೆಸರು, ಸಹಿ, ತಾರೀಖು. ಸಂಸ್ಥೆಯ ಮೊಹರು ಹಾಕಲಿಲ್ಲ. ಮೊಹರು ಅವರದು, ತಪ್ಪು ನನ್ನದು.

ಆರಿದ್ರೆ ಮಳೆ ಬಿದ್ದ ಎರಡನೇ ದಿನ ಊರಿಗೆ ಹೋದೆ. ನೆಲ ಹದಕ್ಕೆ ಬಂದಿತ್ತು. ಬೀಜದಜ್ಜಿ ಅದೇ ಜಗಲಿಯ ಮೇಲೆ, ಅದೇ ಖಾಲಿ ಕೈಯಲ್ಲಿ. ಸೊಸೆಯನ್ನು ಕರೆದೆ, ಅಕ್ಕಪಕ್ಕದವರನ್ನೂ ಕರೆದೆ. ಏಳೆಂಟು ಜನ ಸೇರಿದ ಮೇಲೆ ನಿಂತುಕೊಂಡು ಜೋರಾಗಿ ಓದಿದೆ. 'ದೋಷ ನಾನು ಮಾಡಿದ ಪರೀಕ್ಷೆಯಲ್ಲಿತ್ತು' ಎಂಬ ಸಾಲನ್ನು ನಿಧಾನವಾಗಿ ಓದಿದೆ. ಎರಡನೇ ಸಲ ಓದಿದೆ, ಎಲ್ಲರಿಗೂ ಕೇಳಲಿ ಎಂದು.

ಸೊಸೆ ಒಳಗೆ ಹೋಗಿ, ಬೀಗದ ಕೈ ತಂದು ಅತ್ತೆಯ ಮಡಿಲಿಗೆ ಹಾಕಿದಳು. ಅಜ್ಜಿ ಅದನ್ನು ಎತ್ತಿಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡರು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಎಲ್ಲಿ, ನೀನ್ ಯೋಳು ನೋಡಾಣ ಹದಿನಾರೂ," ಎಂದರು.

ಕೇರಿಯವರ ಮುಂದೆ ಕೈಕಟ್ಟಿ ನಿಂತು ಶುರು ಮಾಡಿದೆ. ರಾಗಿ, ಜೋಳ, ನವಣೆ, ಭತ್ತ...

"ತಡಿ, ತಡಿ," ಎಂದರು ಅಜ್ಜಿ. "ರಾಗಿ ಹೊಲದಾಗೆ ಭತ್ತ ಬಿತ್ತೋ ಮುಖ ನೋಡು. ಮರೆವಿನ ಚೀಟಿ ನಿಂಗೇ ಕೊಡ್ಬೇಕು." ಎಲ್ಲರೂ ನಕ್ಕರು, ನಾನೂ ನಕ್ಕೆ. ಬಹಳ ದಿನದ ಮೇಲೆ ಎದೆ ಹಗುರವಾಯಿತು.

ಕೆಂಪು ಚೀಟಿಯನ್ನು ವಾಪಸ್ ಕೇಳಿದೆ, ಹರಿದುಹಾಕಲು. ಅಜ್ಜಿ ಕೊಡಲಿಲ್ಲ. ಬೀಜದ ಕೋಣೆಯ ಬೀಗ ತೆಗೆದು, ಮೊರ ಎಳೆದುಕೊಂಡು ಕೂತರು. ರಾಗಿ ಮೊರಕ್ಕೆ ಸುರಿದರು, ಅವರೆಯನ್ನು ಬೊಗಸೆಯಲ್ಲಿ ಎಣಿಸಿದಂತೆ ಅಳೆದರು. ಆಮೇಲೆ ನನ್ನ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಪೊಟ್ಟಣ ಕಟ್ಟಿ, ಅದರೊಳಗೆ ಹುಚ್ಚೆಳ್ಳು ತುಂಬಿದರು. "ಸಣ್ಣ ಕಾಳು, ಸೋರೋಯ್ತದೆ. ಈ ಕಾಗ್ದ ಗಟ್ಟಿಯಾಗೈತೆ," ಎಂದರು.

ಆ ಹೊತ್ತಿಗಾಗಲೇ ಪಕ್ಕದ ಮನೆಯವಳು ತನ್ನ ಬೀಜದ ಚೀಲ ತಂದು ಜಗಲಿಯ ಮೇಲೆ ಇಟ್ಟಿದ್ದಳು. ನಾನು ಉಳಿದ ನಾಲ್ಕು ಹಾಳೆ ಹಿಡಿದುಕೊಂಡು ಎದ್ದೆ. ಅಜ್ಜಿ ತಲೆ ಎತ್ತದೆ ಕೇಳಿದರು, "ಈ ಚೀಟಿ ಇನ್ನೆಷ್ಟು ಊರಾಗೆ ಕೊಟ್ಟಿದ್ದೀಯ?"

"ಒಂಬತ್ತು ಊರು, ಅಜ್ಜೀ."

"ಸರಿ ಮತ್ತೆ, ನಡಿ. ಎಲ್ಲಾ ಕಡೆ ಬಿತ್ತನೆ ಸುರುವಾಗೈತೆ."